ಹಲಸಿನ ಗಿಟಾರಿಗೆ ಅಗಸೆ ಎಣ್ಣೆ

ಬೇಸಿಗೆ ರಜೆ ಮುಗಿದು ಸ್ಕೂಲು ಶುರುವಾದ ವಾರದಲ್ಲೇ ನಮ್ಮ ಅತ್ತೆಯ ಬಲಗೈಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿದರು. ನಾನು ಮಾಡುತ್ತಿದ್ದ ಗಿಟಾರಿನ ಮರಗೆಲಸ ಮುಗಿದದ್ದೂ ಅದೇ ವಾರ. ಪಾಲಿಶ್ ಇಲ್ಲದೆ, ತಂತಿಯೂ ಇಲ್ಲದೆ ಅದು ಹಾಲಿನ ಮೂಲೆಯಲ್ಲಿ ಗೋಡೆಗೊರಗಿ ನಿಂತಿತ್ತು. ಅದರ ಎದುರಿನ ಕುರ್ಚಿಯಲ್ಲಿ ಅತ್ತೆ ಊದಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಸಂಜೆ ನಾನು ಮನೆಗೆ ಬಂದು ಬಾಗಿಲು ತೆಗೆದರೆ ಮೊದಲು ಕಾಣುತ್ತಿದ್ದದ್ದು ಇವೆರಡೇ.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ. ನಮ್ಮ ಮನೆಯವರು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತಾರೆ. ಮನೆ ಮಾತ್ರ ಹಾಸನದಲ್ಲಿ, ಸಾಲಗಾಮೆ ರಸ್ತೆಯ ಕಡೆ. ಬೆಳಿಗ್ಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಂದು, ಅಲ್ಲಿಂದ ಅವರು ಒಂದು ದಿಕ್ಕಿಗೆ, ನಾನೊಂದು ದಿಕ್ಕಿಗೆ ಹೋಗುತ್ತೇವೆ. ಅತ್ತೆಯ ಊರು ಹಳೇಕೋಟೆ. ಮಾವ ತೀರಿಕೊಂಡ ಮೇಲೆ ಅಲ್ಲಿನ ಹೊಲ, ಮನೆ ಎಲ್ಲವನ್ನೂ ದೊಡ್ಡ ಮಗ ಸೊಸೆಗೆ ವಹಿಸಿ ನಮ್ಮ ಜೊತೆ ಇರಲು ಬಂದರು. ಬಂದವರು ನಮ್ಮ ಬೀದಿಯ ತುಂಬ ಪರಿಚಯ ಮಾಡಿಕೊಂಡರು. ಯಾರ ಮನೆಯಲ್ಲಿ ಏನು ಸಾರು ಎಂಬುದು ನನಗೆ ತಿಳಿಯುತ್ತಿದ್ದದ್ದು ಅವರಿಂದಲೇ.

ಗಿಟಾರು ನಮ್ಮ ಮನೆಯವರಿಗಾಗಿ ಮಾಡಿದ್ದು. ಹಾಸ್ಟೆಲಿನಲ್ಲಿದ್ದಾಗ ಕೊಂಡ ಹಳೆಯ ಗಿಟಾರೊಂದು ಅವರ ಹತ್ತಿರ ಇತ್ತು. ಸಂಜೆ ಕಾಫಿ ಆದ ಮೇಲೆ ಮೆಟ್ಟಿಲ ಮೇಲೆ ಕೂತು ಹಳೇ ಸಿನಿಮಾ ಹಾಡುಗಳನ್ನು ನುಡಿಸುವುದು ಅವರ ಅಭ್ಯಾಸ. ಅದ್ಭುತವಾಗಿ ನುಡಿಸುತ್ತಾರೆ ಅಂತ ಹೇಳಲಾರೆ. ಆದರೆ ಕುಕ್ಕರಿನ ಸದ್ದಿನಂತೆ ಅದೂ ನಮ್ಮ ಮನೆಯ ಸಂಜೆಯ ಸದ್ದಾಗಿತ್ತು. ಪ್ಲೈವುಡ್ಡಿನ ಆ ಗಿಟಾರು ವರ್ಷಗಳ ಎಳೆತಕ್ಕೆ ಹೊಟ್ಟೆ ಉಬ್ಬಿಸಿಕೊಂಡು, ಒಂದು ದಿನ ತಂತಿ ಹಿಡಿದ ಪಟ್ಟಿಯೇ ಕಿತ್ತು ಬಂತು. ಅವರು ಗೊಣಗಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದರು. ಆಮೇಲೆ ಊಟಕ್ಕೆ ಕೂತಾಗ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುವುದು ನನ್ನ ಕಣ್ಣಿಗೆ ಬೀಳುತ್ತಿತ್ತು.

"ನಾನೇ ಒಂದು ಮಾಡಿಕೊಡ್ತೀನಿ" ಅಂದೆ.

"ಗಿಟಾರ್ ಅಂದ್ರೆ ಮಣೆ ಅಂದ್ಕೊಂಡ್ಯಾ?" ಅಂತ ನಕ್ಕರು.

ಸ್ಕೂಲಿನಲ್ಲಿ ಕ್ರಾಫ್ಟ್ ಪಾಠ ಮಾಡುವಾಗ ಮರ ಕೊರೆಯುವುದು, ಕೂರಿಸುವುದು ಕೈಗೆ ಹತ್ತಿತ್ತು. ವಿಡಿಯೋ ನೋಡಿ ನೋಡಿ ಧೈರ್ಯವೂ ಬಂದಿತ್ತು. ಮರ ಸಿಕ್ಕಿದ್ದು ತವರಿನಲ್ಲಿ. ನನ್ನ ತವರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಸಂಗೀತಗಾರರ ಊರು. ನಾವು ಹಾಡುವವರ ಪೈಕಿಯಲ್ಲ, ಹೊಲ ಉಳುವವರ ಪೈಕಿ. ಆದರೂ ನಮ್ಮೂರಿನಲ್ಲಿ ಒಂದು ಹಲಸಿನ ಮರ ಬಿತ್ತು ಅಂದರೆ ಸೌದೆ ಅನ್ನುವುದಕ್ಕಿಂತ ಮೊದಲು ಯಾರಾದರೂ ವೀಣೆ ಅನ್ನುತ್ತಾರೆ. ಗಾಳಿಗೆ ಬಿದ್ದ ನಮ್ಮ ಮರವನ್ನು ಅಣ್ಣ ಹಲಗೆ ಸೀಳಿಸಿ, ದೇವರ ಕೋಣೆಯ ಬಾಗಿಲಿಗೆ ಅಂತ ಅಟ್ಟದಲ್ಲಿ ಒಣಗಿಸಿಟ್ಟಿದ್ದ. ಕೇಳಿದಾಗ ತಲೆ ಕೆರೆದುಕೊಂಡ.

"ತಗಂಡೋಗವ್ವ. ಬಾಗ್ಲಿಲ್ದೆ ಓದ್ರೆ ದೇವ್ರೇನು ಎದ್ದೋಗಕಿಲ್ಲ" ಅಂದ.

ಮುಂಭಾಗದ ತೆಳು ಹಲಗೆ ಮಾತ್ರ ಬೇರೆ ಜಾತಿಯ ಮರದ್ದಾಗಬೇಕು. ಅದನ್ನು ಕೊರಿಯರಿನಲ್ಲಿ ತರಿಸಿದೆ. ಬೆರಳಾಡುವ ಪಟ್ಟಿಗೆ ಮುರಿದ ಮಂಚದ ಬೀಟೆಯ ಕಾಲು ಸಿಕ್ಕಿತು. ನಮ್ಮ ಮನೆಯ ಹಿಂದಿನ ಬೀದಿಯ ಬಡಗಿ ತನ್ನ ಶೆಡ್ಡಿನ ಒಂದು ಮೂಲೆಯನ್ನು ಬಿಟ್ಟುಕೊಟ್ಟು, ಮಿಷನ್ನಿನಲ್ಲಿ ಹಲಗೆ ಸೀಳಿಕೊಟ್ಟ. ಎರಡು ಬೇಸಿಗೆ ರಜೆ ಅಲ್ಲೇ ಕಳೆದೆ. ಕಾಯಿಸಿದ ಪೈಪಿಗೆ ಒದ್ದೆ ಹಲಗೆ ಒತ್ತಿ ಸೊಂಟದ ಆಕಾರಕ್ಕೆ ಬಗ್ಗಿಸುವಾಗ ಒಂದು ಪಟ್ಟಿ ಸಿಡಿದು ಎರಡಾಯಿತು. ಅಣ್ಣನ ಮುಂದೆ ಮತ್ತೆ ಹೋಗಿ ನಿಂತೆ. ದೇವರ ಬಾಗಿಲು ಇನ್ನಷ್ಟು ಮುಂದಕ್ಕೆ ಹೋಯಿತು. ಕೊನೆಗೂ ಒಂದು ಮಧ್ಯಾಹ್ನ ಅಂಟು ಒಣಗಿ, ಕ್ಲಾಂಪ್ ಬಿಚ್ಚಿ, ಸ್ಯಾಂಡ್‌ಪೇಪರಿನಿಂದ ಉಜ್ಜಿ ಉಜ್ಜಿ ಕೈಯಲ್ಲಿ ಹಿಡಿದಾಗ ಅದು ಗಿಟಾರಾಗಿತ್ತು.

"ಮೇಡಮ್ಮೋರೆ, ಮೆಲಮೈನ್ ಒಡ್ದುಬುಡಾನ. ಕನ್ನಡಿ ಅಂಗೆ ಒಳೀತದೆ. ಮಕ ನೋಡ್ಕಬೈದು" ಅಂದ ಬಡಗಿ.

ಮೆಲಮೈನ್ ಪಾಲಿಶ್ ನಮ್ಮ ಮನೆಯೊಳಗೆ ಬರುವ ಹಾಗಿರಲಿಲ್ಲ. ಹಿಂದಿನ ವರ್ಷ ಇದೇ ಬಡಗಿ ನಮ್ಮ ಬೀರುವಿಗೆ ಅದನ್ನು ಹೊಡೆದಿದ್ದ. ಅತ್ತೆಗೆ ಉಬ್ಬಸ. ಆ ವಾಸನೆಗೆ ಉಸಿರು ಸಿಕ್ಕಿಹಾಕಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ವಾಸನೆ ಹೋಗುವ ತನಕ ಅವರು ಹಳೇಕೋಟೆಯಲ್ಲೇ ಉಳಿದರು. ಶೆಡ್ಡಿನಲ್ಲೇ ಪಾಲಿಶ್ ಹೊಡೆದು ಒಣಗಿಸಿ ತರಬಹುದಿತ್ತು. ಆದರೆ ಗಿಟಾರಿನದು ಟೊಳ್ಳು ಹೊಟ್ಟೆ. ವಾಸನೆ ಒಳಗೆ ಕೂತರೆ ತಿಂಗಳುಗಟ್ಟಲೆ ಹೊರಗೆ ಬರುವುದಿಲ್ಲ. ಹಾಗಾಗಿ ಎಣ್ಣೆ ಹಚ್ಚುವುದು ಅಂತ ಮೊದಲೇ ತೀರ್ಮಾನಿಸಿದ್ದೆ.

ಮೊದಲು ಪೇಂಟ್ ಅಂಗಡಿಯಿಂದ ಕಾಯಿಸಿದ ಅಗಸೆ ಎಣ್ಣೆಯ ಡಬ್ಬ ತಂದೆ. ಬೇಗ ಒಣಗಲಿ ಅಂತ ಅದಕ್ಕೆ ಏನೇನೋ ಸೇರಿಸಿರುತ್ತಾರೆ. ಮುಚ್ಚಳ ತೆಗೆದದ್ದು ಗೇಟಿನ ಹತ್ತಿರ, ಅತ್ತೆ ಕೆಮ್ಮಿದ್ದು ಹಾಲಿನಲ್ಲಿ. ಡಬ್ಬವನ್ನು ಹಾಗೇ ಬಡಗಿಗೆ ಕೊಟ್ಟುಬಿಟ್ಟೆ. ಮಾರನೆಯ ದಿನ ಸ್ಕೂಲು ಬಿಟ್ಟ ಮೇಲೆ ಹೊಳೆನರಸೀಪುರದ ಗಾಣದ ಅಂಗಡಿಗೆ ಹೋದೆ. ಕೊಬ್ಬರಿ, ಕಡಲೆಕಾಯಿ, ಹುಚ್ಚೆಳ್ಳು ಎಲ್ಲ ಅಲ್ಲೇ ಅರೆಯುತ್ತಾರೆ. ಅಗಸೆ ಎಣ್ಣೆ ಕೇಳಿದೆ.

"ಚಟ್ನಿಪುಡಿ ಕಲ್ಸ್ಕಳಕ್ಕಾ ಮೇಡಂ, ತಲೆಗಾ?" ಅಂದ ಅಂಗಡಿಯವನು.

"ಗಿಟಾರಿಗೆ."

ಆತ ಬಾಟಲಿ ತುಂಬುತ್ತಾ ಸ್ವಲ್ಪ ಹೊತ್ತು ಯೋಚಿಸಿದ. "ಅದು ಎಲ್ಲಿ ಬರೋದು ಮೇಡಂ, ಮಂಡಿಗಾ?"

ನನಗೆ ನಗು ತಡೆಯಲಾಗಲಿಲ್ಲ. ವಿವರಿಸಿ ಹೇಳಿದ ಮೇಲೆ ಆತನೂ ನಕ್ಕ. ಮನೆಗೆ ಬಂದು ಅತ್ತೆಗೆ ಈ ಕತೆ ಹೇಳಿದೆ. ಮೊದಲಿನ ಅತ್ತೆಯಾಗಿದ್ದರೆ ಬೀದಿಗೆಲ್ಲ ಹೇಳಿ ನಗಿಸುತ್ತಿದ್ದರು. ಆ ದಿನ ಬಾಟಲಿಯನ್ನು ಎಡಗೈಯಲ್ಲಿ ತೆಗೆದುಕೊಂಡು ಮೂಸಿ, "ಇದು ಎಣ್ಣೆ ವಾಸ್ನೆ. ತಡ್ಕಬೈದು" ಅಂದರು, ಅಷ್ಟೇ.

ಅವರ ಕೈಯ ವಿಷಯವನ್ನೂ ಇಲ್ಲೇ ಹೇಳಬೇಕು. ಹೊಳೆನರಸೀಪುರದಲ್ಲಿ ಒಂದು ಬೀಗರೂಟಕ್ಕೆ ಹೋದಾಗ ಆಟೋದಿಂದ ಇಳಿಯುತ್ತಾ ಸೆರಗು ಸಿಕ್ಕಿಕೊಂಡು ಬಿದ್ದಿದ್ದರು. ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ತೆಗೆದಾಗ ಮೂಳೆ ಕೂಡಿತ್ತು, ಆದರೆ ಬೆರಳುಗಳು ಮಡಚುತ್ತಿರಲಿಲ್ಲ. ಫಿಸಿಯೋಥೆರಪಿಯ ಹುಡುಗಿ ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು, ದಿನಾ ಹಿಸುಕಬೇಕು, ಇಲ್ಲದಿದ್ದರೆ ಕೈ ಹೀಗೇ ನಿಂತುಬಿಡುತ್ತದೆ ಅಂತ ಹೇಳಿ ಕಳಿಸಿದ್ದಳು. ಅತ್ತೆ ಅದನ್ನು ಟಿ.ವಿ. ಸ್ಟ್ಯಾಂಡಿನ ಮೇಲಿಟ್ಟರು. ನಾನು ತಂದು ಕೈಗೆ ಕೊಟ್ಟರೆ, "ಚಿಕ್ಕ್‌ಮಕ್ಳಂಗೆ ಚೆಂಡಾಡ್ಕಂಡು ಕೂತ್ಕಳಾ?" ಅಂತ ಕೆಳಗಿಡುತ್ತಿದ್ದರು.

ನೋವಿಗಿಂತ ಅವರನ್ನು ಕುಗ್ಗಿಸಿದ್ದು ಊಟ. ಎಡಗೈಯಲ್ಲಿ ಉಣ್ಣಲು ಅವರಿಗೆ ಮನಸ್ಸು ಬರಲಿಲ್ಲ. ಸ್ಪೂನಿನಲ್ಲಿ ಮುದ್ದೆ ಮುರಿಯಲು ಆಗುವುದಿಲ್ಲ. ತಟ್ಟೆಯನ್ನು ರೂಮಿಗೆ ತರಿಸಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು, ಗೋಡೆಯ ಕಡೆ ತಿರುಗಿ ಅನ್ನವನ್ನು ಸ್ಪೂನಿನಲ್ಲಿ ತಿನ್ನುತ್ತಿದ್ದರು. ಮದುವೆಯ ಕರೆಯೋಲೆ ಬಂದರೆ "ನೀವೋಗ್ಬನ್ನಿ" ಅನ್ನತೊಡಗಿದರು. ಪಕ್ಕದ ಮನೆಯವರು ಬಂದು ಕೂತರೂ ಸೆರಗಿನೊಳಗೆ ಕೈ ಮುಚ್ಚಿಕೊಳ್ಳುತ್ತಿದ್ದರು. ಬರಬರುತ್ತಾ ಮಾತೇ ಕಡಿಮೆಯಾಯಿತು. ನಮ್ಮ ಮನೆಯವರು ಅಮ್ಮನ ಹತ್ತಿರ ಜಗಳವಾಡಿ ನೋಡಿದರು, ಪುಸಲಾಯಿಸಿ ನೋಡಿದರು. ಏನೂ ಪ್ರಯೋಜನವಾಗಲಿಲ್ಲ.

ನಾನು ಗಿಟಾರಿಗೆ ಮೊದಲ ಸಲ ಎಣ್ಣೆ ಹಚ್ಚಿದ್ದು ಒಂದು ಭಾನುವಾರ ಬೆಳಿಗ್ಗೆ. ಬಟ್ಟೆಯನ್ನು ಅದ್ದಿ ಹಿಂಭಾಗದ ಹಲಸಿನ ಹಲಗೆಯ ಮೇಲೆ ಎಳೆದೆ. ಅಲ್ಲಿಯವರೆಗೆ ಒಣಗಿದ ಹುಲ್ಲಿನ ಬಣ್ಣಕ್ಕಿದ್ದ ಮರ ನೋಡನೋಡುತ್ತಿದ್ದಂತೆ ಹೊಂಬಣ್ಣಕ್ಕೆ ತಿರುಗಿತು. ಒಳಗಿದ್ದ ಗೆರೆಗಳೆಲ್ಲ ಎದ್ದು ಬಂದವು. "ಬನ್ನಿ, ನೋಡಿ ಬನ್ನಿ" ಅಂತ ಮನೆಯವರನ್ನು ಕೂಗಿದೆ. ಆ ಖುಷಿಯಲ್ಲಿ ಕೈ ನಿಲ್ಲಲಿಲ್ಲ. ಮರ ಕುಡಿಯುತ್ತಿದೆ ಅಂದುಕೊಂಡು ಹಾಕಿದ ಮೇಲೆ ಹಾಕಿದೆ. ಪೂರ್ತಿ ಹಚ್ಚಿ, ಮಿರಮಿರ ಮಿಂಚುವುದನ್ನು ನೋಡಿ, ಹಾಗೇ ನೇತುಹಾಕಿದೆ.

ಅದು ಒಣಗಲಿಲ್ಲ. ಆ ವಾರವಿಡೀ ಹಾಸನದಲ್ಲಿ ಜಡಿಮಳೆ ಹಿಡಿದುಕೊಂಡಿತ್ತು. ಹಗ್ಗದ ಮೇಲಿನ ಬಟ್ಟೆಯೇ ಒಣಗದ ದಿನಗಳು. ಮುಂದಿನ ಭಾನುವಾರ ಮುಟ್ಟಿದರೆ ಬೆರಳಚ್ಚು ಮೂಡುತ್ತಿತ್ತು. ಮುಂಭಾಗದ ಬಿಳಿ ಹಲಗೆಗೆ ಕಡಿಮೆ ಹಚ್ಚಿದ್ದೆ, ಅದು ಪರವಾಗಿಲ್ಲ ಅನ್ನುವ ಹಾಗಿತ್ತು. ಹಿಂಭಾಗ, ಪಕ್ಕಗಳು ಮಾತ್ರ ಬೆಲ್ಲದ ಪಾಕ ಸವರಿದ ಹಾಗೆ ಅಂಟಂಟು. ಧೂಳು ಕೂತಿತ್ತು, ಸಣ್ಣ ನೊರಜುಗಳು ಸಿಕ್ಕಿಕೊಂಡು ಸತ್ತಿದ್ದವು. ಬಡಗಿ ಬಂದು ನೋಡಿ, "ಏನ್ ಮೇಡಮ್ಮೋರೆ, ಬೋಂಡ ಕರ್ದಂಗೆ ಕರ್ದುಬುಟ್ಟಿದೀರ" ಅಂದ. ನಗುವ ಹಾಗಿರಲಿಲ್ಲ ನನಗೆ. ಎರಡು ರಜೆಯ ಕೆಲಸ ಒಂದು ಬಾಟಲಿ ಎಣ್ಣೆಯಿಂದ ಹಾಳಾಯಿತೇನೋ ಅನ್ನಿಸಿತು.

ಕುರ್ಚಿಯಲ್ಲಿದ್ದ ಅತ್ತೆ ಎಷ್ಟೋ ದಿನದ ಮೇಲೆ ತಾವಾಗಿ ಬಾಯಿ ತೆರೆದರು. "ಅಳ್ಳೆಣ್ಣೆ ಅಚ್ಬೇಕಾಗಿತ್ತು ಕಣವ್ವ. ನಮ್ಮ ಗಾಡಿ ಅಚ್ಚಿಗೆಲ್ಲ ಅದ್ನೇ ಅಲ್ವಾ ಬುಡ್ತಿದ್ದುದ್ದು. ಎಂಗೆ ತಿರುಗ್ತಿತ್ತು ಗೊತ್ತಾ?"

"ಗಿಟಾರು ತಿರುಗೋದು ಬೇಡ ಅತ್ತೆ, ಒಣಗಬೇಕು" ಅಂದೆ.

"ಒಣಗ್ತದೆ. ನೀನು ಅಚ್ಚಿ ನೋಡು."

ಸರಿ, ಪರೀಕ್ಷೆ ಮಾಡಿಬಿಡೋಣ ಅಂತ ಉಳಿದಿದ್ದ ಹಲಸಿನ ಚೂರುಗಳಿಗೆ ಒಂದೊಂದು ಎಣ್ಣೆ ಹಚ್ಚಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟೆ. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಹುಚ್ಚೆಳ್ಳೆಣ್ಣೆ, ಅಗಸೆ ಎಣ್ಣೆ. ಅಗಸೆ ಎಣ್ಣೆಯದೇ ಎರಡು ಚೂರು ಮಾಡಿದೆ. ಒಂದಕ್ಕೆ ದಪ್ಪಗೆ, ಇನ್ನೊಂದಕ್ಕೆ ಸವರಿ ಕೂಡಲೇ ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆದೆ. ಕೊಬ್ಬರಿ ಎಣ್ಣೆಯ ಚೂರು ಇರುವೆಗಳ ಪಾಲಾಯಿತು. ಹರಳೆಣ್ಣೆ ಹಚ್ಚಿದ್ದು ಹಚ್ಚಿದ ಹಾಗೇ ಜಿಡ್ಡಾಗಿ ಉಳಿಯಿತು. ಅತ್ತೆ ದಿನಾ ಬೆಳಿಗ್ಗೆ ಎದ್ದು ಕಿಟಕಿಯ ಹತ್ತಿರ ಹೋಗಿ ಅದನ್ನು ಮುಟ್ಟಿ ನೋಡಿ ಬರುತ್ತಿದ್ದರು. ಒಂದು ದಿನ ಸೋತು, "ಈ ಜಲ್ಮಕ್ಕೆ ಒಣಗಾಕಿಲ್ಲ ಬುಡು ಇದು" ಅಂದರು. ಹುಚ್ಚೆಳ್ಳಿನದು ನಿಧಾನವಾಗಿ ಬಿಗಿಯುತ್ತಿತ್ತು. ಒರೆಸಿ ತೆಗೆದ ಅಗಸೆಯ ಚೂರು ಮಾತ್ರ, ಆ ಮಳೆಯಲ್ಲೂ, ಕೈಗೆ ಅಂಟದೆ ಮೆತ್ತಗೆ ಹೊಳೆಯುತ್ತಿತ್ತು. ತಪ್ಪು ಎಣ್ಣೆಯದಲ್ಲ, ನನ್ನ ಅಳತೆಯದು ಅಂತ ಗೊತ್ತಾಯಿತು.

ಈಗ ಅಂಟು ಹಿಡಿದದ್ದನ್ನು ತೆಗೆಯಬೇಕಿತ್ತು. ಟರ್ಪೆಂಟೈನಿನಲ್ಲಿ ಒರೆಸಿದರೆ ಬೇಗ ಹೋಗುತ್ತದೆ, ಆದರೆ ಅದರ ವಾಸನೆ ಮನೆಯಲ್ಲಿ ಆಗದು. ಇನ್ನೊಂದು ದಾರಿಯೆಂದರೆ ಸ್ವಲ್ಪ ಹೊಸ ಎಣ್ಣೆಯನ್ನೇ ಹಾಕಿ ಒರಟು ಬಟ್ಟೆಯಲ್ಲಿ ಉಜ್ಜುವುದು. ಹೊಸ ಎಣ್ಣೆ ಹಳೆಯ ಅಂಟನ್ನು ಸಡಿಲ ಮಾಡುತ್ತದೆ. ಮಾವನ ಹಳೆಯ ಪಂಚೆಯೊಂದನ್ನು ಚೂರು ಮಾಡಿಕೊಂಡು ಕೂತೆ. ಬೆನ್ನಿನ ಕಾಲುಭಾಗ ಉಜ್ಜುವಷ್ಟರಲ್ಲಿ ತೋಳು ಬಿದ್ದುಹೋಯಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಒಳಗೆ ಹೋಗಿ ಒಲೆ ಆರಿಸಿ, ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಅತ್ತೆ ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಕೂತಿದ್ದರು. ಗಿಟಾರು ಅವರ ಮಡಿಲಲ್ಲಿ ಬೋರಲಾಗಿ ಮಲಗಿತ್ತು. ಬಲಗೈಯನ್ನು ಬಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟು, ಅದರ ಮೇಲೆ ಎಡಗೈ ಒತ್ತಿ, ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದರು.

"ಅತ್ತೆ, ಕೈ ನೋಯುತ್ತೆ. ಬಿಡಿ."

"ನೋಯ್ತದೆ. ಸುಮ್ಕೆ ಕೂತಿದ್ರೂ ನೋಯ್ತದೆ." ತಲೆ ಎತ್ತಲಿಲ್ಲ. "ನೀನು ಮೇಲ್‌ಮೇಲೆ ಸವುರ್ತಿದೀಯ. ಎಮ್ಮೆ ಮೈ ತಿಕ್ದಂಗೆ ತಿಕ್ಬೇಕು."

ನಾನು ಪಕ್ಕದಲ್ಲಿ ಕೂತೆ. ಬಟ್ಟೆ ಕೊಳೆಯಾದಾಗ ಇನ್ನೊಂದು ಚೂರು ಕೊಡುವುದಷ್ಟೇ ನನ್ನ ಕೆಲಸವಾಯಿತು. ನಮ್ಮ ಮನೆಯವರು ಹೊರಗಿನಿಂದ ಬಂದವರು ಬಾಗಿಲಲ್ಲೇ ನಿಂತು ನೋಡಿದರು. ಏನೋ ಹೇಳಲು ಹೊರಟವರಿಗೆ ಕಣ್ಣಲ್ಲೇ ಬೇಡ ಅಂದೆ. ಅವರು ಚಪ್ಪಲಿ ಬಿಚ್ಚಿ ಸದ್ದಿಲ್ಲದೆ ಒಳಗೆ ಹೋದರು.

ಹೀಗೆ ಶುರುವಾಯಿತು. ಅಂಟು ಪೂರ್ತಿ ಹೋದ ಮೇಲೆ ಹೊಸದಾಗಿ, ತೆಳ್ಳಗೆ ಹಚ್ಚತೊಡಗಿದೆವು. ಒಂದು ಪದರ ಹಚ್ಚಿ ಒರೆಸಿದರೆ ಅದು ಬಿಗಿಯುವ ತನಕ ಕೆಲವು ದಿನ ಕಾಯಬೇಕು, ಆಮೇಲೆ ಇನ್ನೊಂದು ಪದರ. ಮಳೆ ಬಿಡುವು ಕೊಟ್ಟಾಗ ಎಣ್ಣೆಯನ್ನು ಅಗಲವಾದ ಗಾಜಿನ ತಟ್ಟೆಯಲ್ಲಿ ಸುರಿದು ತಾರಸಿಯ ಮೇಲೆ ಬಿಸಿಲಿಗಿಡುತ್ತಿದ್ದೆ. ಬಿಸಿಲು ಕುಡಿದ ಎಣ್ಣೆ ತುಸು ಗಟ್ಟಿಯಾಗಿ ಬೇಗ ಒಣಗುತ್ತದೆ ಅಂತ ಓದಿದ್ದೆ. ನಾನು ಸ್ಕೂಲಿಗೆ ಹೋದ ಮೇಲೆ ಆ ತಟ್ಟೆಯ ಕಾವಲು ಅತ್ತೆಯದು. ಸಂಡಿಗೆ ಕಾಯುವ ಹಾಗೆ ಕೊಡೆ ಹಿಡಿದುಕೊಂಡು ಕಾಗೆ ಓಡಿಸುತ್ತಿದ್ದರಂತೆ. ಎದುರು ಮನೆಯವರು ಅದೇನು ಪಾಯಸವಾ ಅಂತ ಕೇಳಿದರಂತೆ. ಇದನ್ನೆಲ್ಲ ಸಂಜೆ ನನಗೆ ಅವರೇ ಹೇಳಿದ್ದು. ಬೀದಿಯ ಸುದ್ದಿ ಮತ್ತೆ ನಮ್ಮ ಮನೆಗೆ ಬರತೊಡಗಿತ್ತು.

ಗಿಟಾರಿನ ಬೆನ್ನು ಚಪ್ಪಟೆ, ಅದಕ್ಕೆ ಅಂಗೈ ಸಾಕು. ಸೊಂಟದ ತಿರುವಿಗೆ ಬೆರಳು ಬಾಗಬೇಕು. ಮೊದಮೊದಲು ಅತ್ತೆ ಅಲ್ಲಿಗೆ ಬಂದಾಗ ಬಟ್ಟೆಯನ್ನು ನನಗೆ ಕೊಟ್ಟುಬಿಡುತ್ತಿದ್ದರು. ಆಮೇಲಾಮೇಲೆ ಕೊಡುವುದನ್ನು ಬಿಟ್ಟರು. ಎಲ್ಲಕ್ಕಿಂತ ಕಷ್ಟವಾದದ್ದು ಗಿಟಾರಿನ ಕತ್ತು. ಕತ್ತಿಗೆ ಎಣ್ಣೆ ತಿಕ್ಕಬೇಕಾದರೆ ಬಟ್ಟೆಯ ಸಮೇತ ಅದನ್ನು ಮುಷ್ಟಿಯೊಳಗೆ ಹಿಡಿದು ಮೇಲಿಂದ ಕೆಳಗೆ ಎಳೆಯಬೇಕು. ಹಾಲು ಕರೆಯುವ ಹಾಗೆ. ಅವರು ತುಟಿ ಕಚ್ಚಿಕೊಂಡು ಹಿಡಿಯುತ್ತಿದ್ದರು. ಕಣ್ಣಂಚಿನಲ್ಲಿ ನೀರು ಬರುತ್ತಿತ್ತು. ನಾನು ಸಾಕು ಅಂದರೆ, "ಇರು, ಇದೊಂಚೂರು ಒರಟಾಗದೆ" ಅಂತ ಇನ್ನೊಂದು ಸಲ ಎಳೆಯುತ್ತಿದ್ದರು.

ಈ ನಡುವೆ ಒಂದು ಫಜೀತಿಯೂ ಆಯಿತು. ಅಗಸೆ ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಒಂದೆಡೆ ಇಡಬಾರದು, ತಾವಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತವೆ ಅಂತ ತಿಳಿದಿತ್ತು. ಅದಕ್ಕೆ ಪ್ರತಿ ಸಲವೂ ಹಿತ್ತಲಿನ ಹಗ್ಗದ ಮೇಲೆ ಬಿಡಿಬಿಡಿಯಾಗಿ ಹರಡುತ್ತಿದ್ದೆ. "ಎಲ್ಲಾರ ಎಣ್ಣೆ ಬಟ್ಟೆ ತಾನಾಗೇ ಉರ್ದದ್ದು ಕೇಳಿದೀಯಾ? ನಮ್ಮನೇಲಿ ಎಣ್ಣೆ ಬಟ್ಟೆ ಇಲ್ದಿದ್ದ ದಿನ್ವೇ ಇರ್ಲಿಲ್ಲ" ಅಂತ ಅತ್ತೆ ನಗುತ್ತಿದ್ದರು. ಒಂದು ರಜೆಯ ದಿನ ನಮ್ಮ ಮನೆಯವರಿಗೆ ಮನೆ ಚೊಕ್ಕಟ ಮಾಡುವ ಹುಮ್ಮಸ್ಸು ಬಂತು. ಚಾಪೆಯ ಹತ್ತಿರ ಬಿದ್ದಿದ್ದ ಬಟ್ಟೆಗಳನ್ನೆಲ್ಲ ಬಾಚಿ, ಪ್ಲಾಸ್ಟಿಕ್ ಬಕೆಟ್ಟಿಗೆ ತುರುಕಿ, ಹಿತ್ತಲ ಬಾಗಿಲ ಪಕ್ಕದಲ್ಲಿಟ್ಟರು. ಮಧ್ಯಾಹ್ನ ಬಿಸಿಲು ಅದರ ಮೇಲೆ ಬಿದ್ದಿತ್ತು. ಪಾತ್ರೆ ತೊಳೆಯಲು ಹೋದ ನನಗೆ ಸೀದ ವಾಸನೆ ಬಂತು. ಅಷ್ಟರಲ್ಲಿ ಅತ್ತೆ ಬಕೆಟ್ಟಿಗೆ ಕೈ ಹಾಕಿ ಚಟ್ಟನೆ ಹಿಂದಕ್ಕೆಳೆದುಕೊಂಡರು.

"ಅಯ್ಯೋ ನನ್ನವ್ವ! ಕೆಂಡ ಆಕ್ದಂಗದೆ. ಲೋ, ಬೀಡಿಗೀಡಿ ಸೇದಿ ಬಿಸಾಕಿದ್ದೀಯೇನ್ಲಾ?"

"ನಾನ್ಯಾವಾಗ ಬೀಡಿ ಸೇದಿದೀನವ್ವಾ!" ಅಂತ ಅವರು ಒಳಗಿನಿಂದ ಓಡಿ ಬಂದರು.

ಹೊಗೆ ಏಳುತ್ತಿತ್ತು. ನಾನು ಕೊಡದಲ್ಲಿದ್ದ ನೀರನ್ನು ಸುರಿದುಬಿಟ್ಟೆ. ಬಟ್ಟೆಯ ಗಂಟಿನ ನಡುಭಾಗ ಕಂದಿ ಕಪ್ಪಾಗಿತ್ತು. ಮೂವರೂ ಹಿತ್ತಲಿನಲ್ಲಿ ನಿಂತು ಅದನ್ನೇ ನೋಡಿದೆವು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಬಾಗಿಲಿಗೆ ತಗಲುತ್ತಿತ್ತು. ಆವತ್ತಿನಿಂದ ಬಟ್ಟೆ ಹರಡುವ ಕೆಲಸವನ್ನೂ ಅತ್ತೆ ತಾವೇ ವಹಿಸಿಕೊಂಡರು. ಒಂದೊಂದನ್ನೂ ಬಿಡಿಸಿ, ಹಗ್ಗಕ್ಕೆ ಹಾಕಿ, ಕ್ಲಿಪ್ ಒತ್ತಿ ಹಾಕುತ್ತಿದ್ದರು. ಕ್ಲಿಪ್ ಒತ್ತಲು ಹೆಬ್ಬೆರಳಿಗೂ ತೋರುಬೆರಳಿಗೂ ಬಲ ಬೇಕು. ಅವರು ಎಡಗೈಯಲ್ಲಿ ಒತ್ತುತ್ತಿಲ್ಲ ಅನ್ನುವುದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ನೋಡಿದೆ.

ಫಿಸಿಯೋಥೆರಪಿಗೆ ಮತ್ತೆ ಕರೆದುಕೊಂಡು ಹೋದಾಗ ಆ ಹುಡುಗಿ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ ಬೆರಗಾದಳು. "ಅಜ್ಜಿ, ಬಾಲ್ ತುಂಬಾ ಚೆನ್ನಾಗಿ ಹಿಸುಕಿದ್ದೀರಾ. ಎಲ್ಲಾರೂ ನಿಮ್ ಹಾಗೇ ಹೇಳಿದ್ ಮಾತು ಕೇಳಿದ್ರೆ ಎಷ್ಟು ಚೆನ್ನಾಗಿರುತ್ತೆ!" ಅಂದಳು. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಗಂಭೀರವಾಗಿ, "ಊಂ ಕಣವ್ವ, ದಿನಾ ಇಸುಕ್ತಿದ್ದೆ" ಅಂದರು. ಹೊರಗೆ ಬಂದು ಆಟೋ ಹತ್ತಿದ ಮೇಲೆ ಇಬ್ಬರಿಗೂ ನಗು ಒತ್ತರಿಸಿಕೊಂಡು ಬಂತು. ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದ.

ಒಂದು ಶನಿವಾರ ಸ್ಕೂಲು ಬೇಗ ಬಿಟ್ಟಿತ್ತು. ಮನೆಗೆ ಬಂದಾಗ ಅತ್ತೆ ಅಡಿಗೆಮನೆಯಲ್ಲಿ ಕೂತು ಊಟ ಮಾಡುತ್ತಿದ್ದರು. ಬಾಗಿಲು ತೆರೆದಿತ್ತು. ತಟ್ಟೆಯಲ್ಲಿ ಮುದ್ದೆ, ಬಸ್ಸಾರು. ಬಲಗೈಯಲ್ಲಿ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗುತ್ತಿದ್ದರು. ತುತ್ತು ಮೊದಲಿನಷ್ಟು ಉರುಟಾಗಿರಲಿಲ್ಲ, ಸ್ವಲ್ಪ ಬೆರಳ ಸಂದಿಯಿಂದ ಜಾರುತ್ತಿತ್ತು. ನನ್ನನ್ನು ನೋಡಿ, "ಬಂದ್ಯಾ? ಕೈ ತೊಳ್ಕೊಂಡು ಕೂತ್ಕೊ, ಇಕ್ತೀನಿ" ಅಂದರು. ನಾನು ಬ್ಯಾಗ್ ಇಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಳ್ಳುತ್ತಾ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಮರ ಇನ್ನು ಎಣ್ಣೆ ಬೇಡ ಅನ್ನತೊಡಗಿತು. ಸವರಿದ್ದು ಒಳಗೆ ಹೋಗದೆ ಮೇಲೆಯೇ ನಿಲ್ಲುತ್ತಿತ್ತು. ಕೊನೆಯ ಸಲ ಒರೆಸಿ, ಒಳ್ಳೆಯ ಬಿಸಿಲು ಗಾಳಿ ಇರುವ ಕಡೆ ಕೆಲವು ವಾರ ನೇತುಹಾಕಿದೆವು. ಕನ್ನಡಿಯ ಹೊಳಪು ಬರಲಿಲ್ಲ. ಕೈಯಾಡಿಸಿದರೆ ಮರವೇ ಸಿಗುತ್ತಿತ್ತು. ಬಡಗಿ ಬಂದು ಬೆರಳ ಗೆಣ್ಣಿನಿಂದ ತಟ್ಟಿ, "ಮಕ ಕಾಣಾಕಿಲ್ಲ. ಆದ್ರೆ ಚೆಂದಾಗದೆ" ಅಂತ ಒಪ್ಪಿಕೊಂಡ.

ತಂತಿ ಕಟ್ಟಿದ್ದು ನಮ್ಮ ಮನೆಯವರೇ. ಶ್ರುತಿ ಮಾಡುವಾಗ ಇಬ್ಬರಿಗೂ ಭಯವಿತ್ತು. ಅಂಟು ಬಿಟ್ಟುಕೊಂಡು ಎಲ್ಲಿ ಸಿಡಿಯುತ್ತದೋ ಅಂತ. ಸಿಡಿಯಲಿಲ್ಲ. ದಪ್ಪ ತಂತಿಯನ್ನು ಮೊದಲ ಸಲ ಮೀಟಿದಾಗ ಸ್ವರ ಹಾಲಿನ ತುಂಬ ಹರಡಿ ನಿಧಾನವಾಗಿ ಇಳಿಯಿತು. ಎರಡು ತಂತಿಗಳು ಒಂದು ಕಡೆ ಝುಯ್ ಅನ್ನುತ್ತಿದ್ದವು. ಅದನ್ನು ಮಾರನೆಯ ದಿನ ಅರದಿಂದ ತಿದ್ದಿದೆ. ಹೊಸ ಗಿಟಾರು ಮೊದಲಿಗೆ ತುಸು ಮುಚ್ಚಿಕೊಂಡ ದನಿಯದೇ, ನುಡಿಸುತ್ತಾ ಹೋದಂತೆ ಬಿಚ್ಚಿಕೊಳ್ಳುತ್ತದೆ ಅಂತ ಅವರು ಹೇಳಿದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ ನಿಜವೋ ಗೊತ್ತಿರಲಿಲ್ಲ. ಈಗ ಗೊತ್ತು, ನಿಜ.

ಒಂದು ಹಳೇ ಹಾಡನ್ನು ಅರ್ಧ ನುಡಿಸಿ ಅವರು ನಿಲ್ಲಿಸಿದರು. ನನ್ನ ಕಡೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಯಾಕ್ಲಾ ನಿಲ್ಲುಸ್ಬುಟ್ಟೆ? ಅಷ್ಟೇಯಾ?" ಅಂದರು ಅತ್ತೆ. "ಅಷ್ಟು ದಿನ ತಿಕ್ಕಿದ್ದು ಅರ್ಧ ಆಡಿಗಾ? ಬಾರ್ಸು ಪೂರ್ತಿ."

ಅವರು ಪೂರ್ತಿ ನುಡಿಸಿದರು.

ಚಳಿಗಾಲ ಮುಗಿಯುವಾಗ ಚನ್ನರಾಯಪಟ್ಟಣದ ಅವರ ಕಾಲೇಜಿನಲ್ಲಿ ವಾರ್ಷಿಕೋತ್ಸವವಿತ್ತು. ಹಾಡುವ ಹುಡುಗಿಯರ ಜೊತೆಗೆ ಗಿಟಾರು ನುಡಿಸಲು ಅವರನ್ನು ಕೇಳಿದ್ದರು. ಹೊರಗೆ ಹೋಗುವುದನ್ನೇ ಬಿಟ್ಟಿದ್ದ ಅತ್ತೆ ಬೆಳಿಗ್ಗೆಯೇ ತಲೆ ಬಾಚಿ, ಮೈಸೂರು ಸಿಲ್ಕ್ ಸೀರೆ ಉಟ್ಟು ತಯಾರಾಗಿ ಕೂತಿದ್ದರು. ನಾನು ರಜೆ ಹಾಕಿದೆ. ಮೂವರೂ ಒಂದೇ ಬಸ್ಸಿನಲ್ಲಿ ಹೋದದ್ದು ಅದೇ ಮೊದಲು.

ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲೇ ನಮಗೆ ಜಾಗ ಸಿಕ್ಕಿತು. ಮೈಕು ಕೂಗಿ, ನಿಂತು, ಮತ್ತೆ ಕೂಗಿ, ಹಾಡು ನಡುವೆ ಒಮ್ಮೆ ತಪ್ಪಿ, ಹೇಗೋ ಕಾರ್ಯಕ್ರಮ ಮುಗಿಯಿತು. ಆಮೇಲೆ ಲೆಕ್ಚರರುಗಳು, ಹುಡುಗರು ಗಿಟಾರಿನ ಸುತ್ತ ಸೇರಿದರು. ಮರ ಯಾವುದು, ಎಲ್ಲಿ ಮಾಡಿಸಿದ್ದು ಅಂತೆಲ್ಲ ಕೇಳಿದರು. ನಮ್ಮ ಮನೆಯವರು ನನ್ನನ್ನು ತೋರಿಸಿದರು. ನನಗೆ ನಾಚಿಕೆಯಾಯಿತು.

"ಇದು ಯಾವ ಪಾಲಿಶ್ ಸಾ? ಅಂಗಡೀದು ಇದ್ದಂಗಿಲ್ಲ" ಅಂತ ಒಬ್ಬರು ಕೇಳಿದರು.

"ಅದು ನಮ್ಮವ್ವ ಮಾಡಿದ್ದು" ಅಂದರು ಅವರು.

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಹಾಡಿದ ಹುಡುಗಿಯರಲ್ಲಿ ಒಬ್ಬಳು ಹತ್ತಿರ ಬಂದು, "ಅಜ್ಜಿ, ನಾನು ಒಂದ್ಸಲ ಮುಟ್ಲಾ?" ಅಂದಳು.

"ಮುಟ್ಟವ್ವ, ಅದ್ಕೇನಂತೆ. ಬಳೆ ತಾಗ್ಸಬ್ಯಾಡ" ಅಂದರು ಅತ್ತೆ.

ವಾಪಸು ಬರುವ ಬಸ್ಸು ತುಂಬಿ ತುಳುಕುತ್ತಿತ್ತು. ಅತ್ತೆಗೊಂದು ಸೀಟು ಸಿಕ್ಕಿತು. ಗಿಟಾರಿನ ಚೀಲವನ್ನು ಅವರ ಮಡಿಲಿಗೆ ಕೊಟ್ಟು ನಾವಿಬ್ಬರೂ ಕಂಬಿ ಹಿಡಿದು ನಿಂತೆವು. ಕಂಡಕ್ಟರ್ ಬಂದವನು ಚೀಲವನ್ನು ನೋಡಿ, "ಇದ್ಕೂ ಒಂದು ಟಿಕೀಟು ತಗಬೇಕಾಯ್ತದೆ ಸಾ" ಅಂದ. ಅವನು ತಮಾಷೆಗೆ ಹೇಳಿದನೋ ನಿಜಕ್ಕೋ ತಿಳಿಯದೆ ನಮ್ಮ ಮನೆಯವರು ಜೇಬಿಗೆ ಕೈ ಹಾಕಿದರು. ಅತ್ತೆ ಚೀಲವನ್ನು ಎದೆಗೆ ಒತ್ತಿಕೊಂಡು, "ಮಡ್ಲಲ್ಲಿರೋದ್ಕೆ ಯಾವ ಟಿಕೀಟಪ್ಪ?" ಅಂತ ಕೇಳಿದರು. ಅಕ್ಕಪಕ್ಕದವರು ನಕ್ಕರು. ಕಂಡಕ್ಟರ್ ಕೂಡ ನಗುತ್ತಾ ಮುಂದಿನ ಸೀಟಿಗೆ ಹೋದ. ಹೊರಗೆ ತೆಂಗಿನ ತೋಟಗಳ ಹಿಂದೆ ಹೊತ್ತು ಇಳಿಯುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಯಾವೂರು ಅಂತ ವಿಚಾರಿಸಿದಳು. ಅತ್ತೆ ಹಳೇಕೋಟೆಯಿಂದ ಶುರುಮಾಡಿ ಹೇಳತೊಡಗಿದರು. ಹಾಸನ ಬರುವ ತನಕ ಅವರ ಮಾತು ನಿಲ್ಲಲಿಲ್ಲ.